ಉಜ್ಜೀವನ, ಮಾನಸಾಂತರ, ಹೊಸ ಹುಟ್ಟು: ಇವೆಲ್ಲ ಒಂದೇನಾ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಕೂಸಿದ್ದಾಗಲೇ ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಆಗಿದೆ; ದೊಡ್ಡವಳಾದ ಮೇಲೆ ನಂಬಿಕೆಯನ್ನು ನಾನೇ ಒಪ್ಪಿ ಹೇಳುವ ದೃಢೀಕರಣವೂ ಆಯಿತು. ಹೋದ ತಿಂಗಳು ಗೆಳತಿಯ ಜೊತೆ ಬೇರೆ ಸಭೆಯವರ 3 ದಿನದ ಉಜ್ಜೀವನ ಕೂಟಕ್ಕೆ, ಅಂದರೆ ಭಕ್ತಿಗೆ ಮತ್ತೆ ಜೀವ ತುಂಬುವ ಪ್ರಾರ್ಥನಾ ಕೂಟಕ್ಕೆ, ಹೋಗಿದ್ದೆ. ಪಶ್ಚಾತ್ತಾಪ, ಮಾನಸಾಂತರ, ಹೊಸ ಹುಟ್ಟು, ನವೀಕರಣ, ಉಜ್ಜೀವನ ಎಂದು ಪದದ ಮೇಲೆ ಪದ ಬಂತು. ಎಲ್ಲ ಒಂದೇನಾ, ಬೇರೆ ಬೇರೆಯಾ? ಅಲ್ಲಿ ಒಬ್ಬರು ಆಂಟಿ ‘ನೀನು ಹೊಸದಾಗಿ ಹುಟ್ಟಿದ್ದೀಯೇನಮ್ಮಾ?’ ಎಂದು ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ. ಇನ್ನೊಂದು ಮಾತು. ಗದಗದಲ್ಲಿರುವ ನನ್ನ ಅಕ್ಕನ ಜೊತೆ ಅವ್ವನ ಬಂಗಾರದ ವಿಷಯಕ್ಕೆ ಜಗಳವಾಗಿ 4 ವರ್ಷದಿಂದ ಮಾತಿಲ್ಲ. ತಪ್ಪು ನನ್ನದೇ ಜಾಸ್ತಿ. ಪ್ರತಿ ಕೂಟದಲ್ಲೂ ಅದನ್ನು ನೆನೆದು ಅಳುತ್ತೇನೆ, ಮನೆಗೆ ಬಂದರೆ ಮೊದಲಿನ ಹಾಗೇ. ನನ್ನ ಪಶ್ಚಾತ್ತಾಪದಲ್ಲಿ ಏನು ಕೊರತೆ?

ಉತ್ತರ: ಒಂದೇ ಅಲ್ಲ. ಆದರೆ ಒಂದೇ ಮನೆಯವು. ಅಕ್ಕ ತಂಗಿಯರ ಮುಖ ಹೋಲುವ ಹಾಗೆ ಹೋಲುತ್ತವೆ. ಅದಕ್ಕೇ ಭಾಷಣದ ಬಿಸಿಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ, ಯಾರೂ ಗಮನಿಸುವುದಿಲ್ಲ. ನಾನು ಬಹಳ ವರ್ಷ ಬೈಬಲ್‌ನ ಮೂಲ ಭಾಷೆಗಳ ಪಾಠ ಮಾಡಿದವನು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಪದಗಳ ಪ್ರಶ್ನೆ ಅನಿಸಿತು, ಆಮೇಲೆ ಅಕ್ಕನ ಪ್ರಶ್ನೆ ಅನಿಸಿತು. ಎರಡೂ ಒಂದೇ ಕಡೆ ಸೇರುತ್ತವೆ ಎಂದು ಈಗ ಅನಿಸುತ್ತಿದೆ. ಪದಗಳಿಂದಲೇ ಶುರು ಮಾಡುತ್ತೇನೆ.

ಬೈಬಲ್‌ನ ಮೊದಲ ಭಾಗ ಬಹುಪಾಲು ಹೀಬ್ರೂ ಭಾಷೆಯಲ್ಲಿದೆ. ಅಲ್ಲಿ ಈ ಇಡೀ ವಿಷಯಕ್ಕೆ ಬೆನ್ನೆಲುಬಿನಂಥ ಒಂದು ಪದ ಇದೆ: ಶೂವ್. ಸಾವಿರಕ್ಕೂ ಹೆಚ್ಚು ಸಲ ಬರುತ್ತದೆ. ಅರ್ಥ ಏನು ಗೊತ್ತಾ? ಹಿಂದಿರುಗು. ಅಷ್ಟೇ. ಗುಡಿಯ ಪದ ಅಲ್ಲ, ದಾರಿಯ ಪದ. ಊರಿಗೆ ವಾಪಸ್ ಹೋಗುವುದಕ್ಕೂ ಅದೇ, ದೇವರ ಕಡೆಗೆ ತಿರುಗುವುದಕ್ಕೂ ಅದೇ. ರೂತಳ ಪುಸ್ತಕದ ಮೊದಲ ಅಧ್ಯಾಯ ತೆಗೆದು ನೋಡಿ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ನೊವೊಮಿ ಮೋವಾಬಿನಿಂದ ಬೇತ್ಲೆಹೇಮಿಗೆ ಹೊರಡುತ್ತಾಳೆ. ಸೊಸೆಯಂದಿರಿಗೆ ನಿಮ್ಮ ನಿಮ್ಮ ತವರಿಗೆ ಹೋಗಿ ಅನ್ನುತ್ತಾಳೆ. ಒಬ್ಬಳು ಹೋಗುತ್ತಾಳೆ, ರೂತಳು ಒಪ್ಪುವುದಿಲ್ಲ. ಆ ಒಂದೇ ಅಧ್ಯಾಯದಲ್ಲಿ ಈ ಪದ ಹತ್ತಕ್ಕೂ ಹೆಚ್ಚು ಸಲ ಬರುತ್ತದೆ, ಎಲ್ಲ ಕಡೆಯೂ ಕಾಲಿನ ಕೆಲಸವಾಗಿ. ಮುಂದೆ ಪ್ರವಾದಿಗಳು ಇಸ್ರಾಯೇಲಿನ ಜನರಿಗೆ ‘ತಿರುಗಿ ಬನ್ನಿ’ ಎಂದು ಕೂಗಿದಾಗ ಕೇಳುವವರ ಕಿವಿಗೆ ಬಿದ್ದದ್ದು ಇದೇ ಪದ. ದಾರಿ ತಪ್ಪಿ ಎಲ್ಲೋ ಹೋಗಿದ್ದೀರಿ, ಮನೆಗೆ ಬನ್ನಿ ಅಂತ.

ಎರಡನೆಯ ಭಾಗ, ಅಂದರೆ ಹೊಸ ಒಡಂಬಡಿಕೆ, ಗ್ರೀಕ್ ಭಾಷೆಯಲ್ಲಿದೆ. ಸ್ನಾನಿಕನಾದ ಯೋಹಾನ ಕೂಗಿದ್ದೂ ಯೇಸು ಕೂಗಿದ್ದೂ ಅಲ್ಲಿ ಮೆತನೋಯಾ ಎಂಬ ಪದದ ಕ್ರಿಯಾರೂಪದಲ್ಲಿ ದಾಖಲಾಗಿದೆ. ‘ನೂಸ್’ ಅಂದರೆ ಬುದ್ಧಿ, ತಿಳಿವು, ಲೋಕವನ್ನು ನೋಡುವ ಬಗೆ. ಅದು ಬದಲಾಗುವುದು ಮೆತನೋಯಾ. ಇದನ್ನು ನಮ್ಮ ಕಡೆಯ ಭಾಷೆಗಳು ಹೇಗೆ ಹಿಡಿದಿವೆ ನೋಡಿ, ಸ್ವಾರಸ್ಯವಾಗಿದೆ. ತಮಿಳರು ‘ಮನಂ ತಿರುಂಬುದಲ್’ ಅನ್ನುತ್ತಾರೆ, ಮನಸ್ಸು ತಿರುಗುವುದು. ತೆಲುಗರು ‘ಮಾರುಮನಸ್ಸು’ ಅನ್ನುತ್ತಾರೆ, ಬದಲಾದ ಮನಸ್ಸು. ಮಲಯಾಳಿಗಳದೂ ನಮ್ಮದೂ ‘ಮಾನಸಾಂತರ’. ಭಾಷಾಂತರ, ರೂಪಾಂತರ ಇದ್ದ ಹಾಗೆ ಮಾನಸಾಂತರ. ಒಳ್ಳೆಯ ಪದವೇ. ಕನ್ನಡದ ಕೆಲವು ಅನುವಾದಗಳು ಇನ್ನೂ ಸರಳವಾಗಿ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದಿವೆ. ಅದು ಗ್ರೀಕಿನ ಬೆನ್ನ ಹಿಂದೆ ನಿಂತಿರುವ ಹೀಬ್ರೂ ಶೂವ್ ಅನ್ನೇ ನೇರವಾಗಿ ಹಿಡಿದುಬಿಟ್ಟಿದೆ. ನನಗೆ ವೈಯಕ್ತಿಕವಾಗಿ ಇದೇ ಜಾಸ್ತಿ ಇಷ್ಟ.

ಆದರೆ ವೇದಿಕೆಯ ಮೇಲೆ ಇವೆರಡಕ್ಕಿಂತ ಹೆಚ್ಚು ಕೇಳುವುದು ಪಶ್ಚಾತ್ತಾಪ. ಆ ಪದದೊಳಗೆ ಇರುವುದು ಏನು? ಪಶ್ಚಾತ್, ಅಂದರೆ ಆಮೇಲೆ. ತಾಪ, ಅಂದರೆ ಬೇಗೆ. ಮಾಡಿದ ಮೇಲೆ ಸುಡುವುದು. ಕೆಟ್ಟ ಪದ ಅಂತ ನಾನು ಹೇಳುವುದಿಲ್ಲ, ತಪ್ಪು ಮಾಡಿದವನಿಗೆ ಒಳಗೆ ಸುಡಬೇಕು. ತೊಂದರೆ ಏನೆಂದರೆ, ಪದ ಸುಡುವ ಹತ್ತಿರಕ್ಕೇ ನಿಂತುಬಿಡುತ್ತದೆ. ಕೇಳಿದವರು ಸಹಜವಾಗಿಯೇ ಬೇಗೆಯನ್ನು ಅಳೆಯತೊಡಗುತ್ತಾರೆ. ಎಷ್ಟು ಅತ್ತೆ? ಸಾಕಾಯಿತಾ? ಇನ್ನೂ ಸ್ವಲ್ಪ ಅಳಬೇಕಿತ್ತಾ? ನಿಮ್ಮ ಪತ್ರದಲ್ಲೂ ಇದೇ ಅಳತೆ ನಡೆದಿದೆ ಅಲ್ವಾ?

ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ಇದನ್ನು ಬಿಡಿಸಿ ಹೇಳಿದ್ದಾನೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 7ನೆಯ ಅಧ್ಯಾಯದಲ್ಲಿ, ದೇವರ ಚಿತ್ತಕ್ಕೆ ಒಪ್ಪುವ ದುಃಖ ಮೆತನೋಯಾವನ್ನು ಹುಟ್ಟಿಸುತ್ತದೆ ಅನ್ನುತ್ತಾನೆ. ಅಂದರೆ ದುಃಖ ಬೇರೆ, ಮೆತನೋಯಾ ಬೇರೆ. ಒಂದು ಇನ್ನೊಂದರ ತಾಯಿ ಆಗಬಹುದು, ಆಗದೆಯೂ ಇರಬಹುದು. ಹೆರಿಗೆ ಆಗದ ದುಃಖವೂ ಇದೆ ಎಂದು ಅವನೇ ಮುಂದಿನ ಮಾತಿನಲ್ಲಿ ಹೇಳುತ್ತಾನೆ, ಅದು ಸಾವಿಗೆ ಒಯ್ಯುತ್ತದೆ ಅಂತ.

ಇಲ್ಲಿ ಯೂದನ ಕಥೆ ನೆನಪಾಗುತ್ತದೆ. ಯೇಸುವನ್ನು 30 ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟವನು. ಮತ್ತಾಯನ 27ನೆಯ ಅಧ್ಯಾಯ ಅವನಿಗೆ ಮನಸ್ಸು ಕುಟುಕಿತು ಎಂದು ಹೇಳುತ್ತದೆ. ಅಲ್ಲಿ ಬರುವ ಗ್ರೀಕ್ ಪದ ಮೆತನೋಯಾದ್ದಲ್ಲ, ‘ಮೆತಮೆಲೊಮಾಯ್’ ಎಂಬ ಬೇರೆ ಪದ. ಪ್ರಸಂಗಗಳಲ್ಲಿ ಇದನ್ನು ದೊಡ್ಡದು ಮಾಡಿ ‘ನೋಡಿ, ಯೂದನದು ಬರೀ ಪಶ್ಚಾತ್ತಾಪ, ನಿಜವಾದ ಮಾನಸಾಂತರ ಅಲ್ಲ’ ಎಂದು ಮುಗಿಸುವುದುಂಟು. ಅಷ್ಟು ಸುಲಭ ಅಲ್ಲ. ಅದೇ ಮತ್ತಾಯನ 21ನೆಯ ಅಧ್ಯಾಯದಲ್ಲಿ ಒಬ್ಬ ಮಗ ಇದ್ದಾನೆ. ಅಪ್ಪ ತೋಟಕ್ಕೆ ಹೋಗು ಅಂದಾಗ ಹೋಗಲ್ಲ ಅಂದು, ಆಮೇಲೆ ಮನಸ್ಸು ಬದಲಿಸಿ ಹೋದವನು. ಯೇಸು ಅವನನ್ನು ಮೆಚ್ಚುತ್ತಾನೆ. ಅವನಿಗೂ ಬಳಸಿರುವುದು ಮೆತಮೆಲೊಮಾಯ್ ಪದವನ್ನೇ! ಹಾಗಾಗಿ ಎರಡು ಪದಗಳ ನಡುವೆ ಗೋಡೆ ಕಟ್ಟುವುದು ಸರಿಯಲ್ಲ.

ಹಾಗಾದರೆ ಯೂದನಲ್ಲಿ ಕೊರತೆ ಏನಿತ್ತು? ಅವನು ದುಃಖಪಟ್ಟ. ‘ಪಾಪ ಮಾಡಿದೆ’ ಎಂದು ಬಾಯಿ ಬಿಟ್ಟು ಹೇಳಿದ. ದುಡ್ಡನ್ನೂ ವಾಪಸ್ ಕೊಟ್ಟ. ಆದರೆ ಇದನ್ನೆಲ್ಲ ಮಾಡಿದ್ದು ಎಲ್ಲಿ? ಯಾಜಕರ ಮುಂದೆ. ಅವರು ‘ಅದು ನಮಗೇನು, ನೀನೇ ನೋಡಿಕೋ’ ಅಂದರು. ತಾನು ಕೈಬಿಟ್ಟವನ ಕಡೆಗೆ ಮಾತ್ರ ಅವನು ತಿರುಗಲಿಲ್ಲ. ಅದೇ ರಾತ್ರಿ ಯೇಸುವಿನ ಇನ್ನೊಬ್ಬ ಶಿಷ್ಯ ಪೇತ್ರನೂ ‘ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ’ ಎಂದು 3 ಸಲ ಹೇಳಿ, ಕೋಳಿ ಕೂಗಿದಾಗ ಬಿಕ್ಕಿಬಿಕ್ಕಿ ಅತ್ತಿದ್ದ. ಕಣ್ಣೀರಿನ ಲೆಕ್ಕ ಹಾಕಿದರೆ ಇಬ್ಬರಲ್ಲಿ ಯಾರದು ಜಾಸ್ತಿ ಎಂದು ಹೇಳಲಾಗದು. ಪೇತ್ರ ಮಾತ್ರ ಆಮೇಲೆ ಯೇಸು ದಡದಲ್ಲಿ ನಿಂತದ್ದು ಗೊತ್ತಾದ ಕೂಡಲೇ ದೋಣಿಯಿಂದ ನೀರಿಗೆ ಹಾರಿದ. ಹೋಗಬೇಕಾದ ಕಡೆಗೆ ಹೋದ.

ಈ ಪದದ ಸುತ್ತ ಯೂರೋಪಿನಲ್ಲಿ ದೊಡ್ಡ ಗಲಾಟೆಯೇ ಆಗಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಶತಮಾನಗಳ ಕಾಲ ಓದುತ್ತಿದ್ದದ್ದು ಲ್ಯಾಟಿನ್ ಬೈಬಲ್. ಅದರಲ್ಲಿ ಮೆತನೋಯಾದ ಕರೆ ‘ಪೆನಿಟೆನ್ಷಿಯಂ ಆಗಿಟೆ’ ಎಂದಿತ್ತು. ಅದನ್ನು ‘ಪ್ರಾಯಶ್ಚಿತ್ತ ಮಾಡಿರಿ’ ಎಂದೂ ಓದಬಹುದು. ಪಾದ್ರಿಯ ಮುಂದೆ ಪಾಪ ಹೇಳು, ಅವರು ವಿಧಿಸಿದ್ದನ್ನು ಮಾಡಿ ಮುಗಿಸು ಎಂಬ ಅರ್ಥ ಗಟ್ಟಿಯಾಯಿತು. 1516ರಲ್ಲಿ ಎರಾಸ್ಮಸ್ ಎಂಬ ಪಂಡಿತ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಮೂಲದಲ್ಲಿ ಏನಿದೆ ಎಂದು ನೋಡುವುದು ಸುಲಭವಾಯಿತು. ಮರುವರ್ಷ, 1517ರಲ್ಲಿ, ಪ್ರೊಟೆಸ್ಟೆಂಟ್ ಸಭೆಗಳಿಗೆ ದಾರಿ ತೆರೆದ ಮಾರ್ಟಿನ್ ಲೂಥರ್ 95 ವಾದಗಳ ಪಟ್ಟಿ ಹೊರಗಿಟ್ಟ. ಅದರಲ್ಲಿ ಮೊಟ್ಟಮೊದಲನೆಯದೇ ಈ ಪದದ ಬಗ್ಗೆ. ಯೇಸು ತಿರುಗಿಕೊಳ್ಳಿ ಅಂದಾಗ ವಿಶ್ವಾಸಿಯ ಇಡೀ ಬದುಕೇ ತಿರುಗಿಕೊಳ್ಳುವುದಾಗಲಿ ಎಂದು ಬಯಸಿದ ಅನ್ನುವುದು ಅದರ ಸಾರ. ನಾವು ಪ್ರೊಟೆಸ್ಟೆಂಟರು ಇಲ್ಲಿ ಸ್ವಲ್ಪ ಬೀಗುತ್ತೇವೆ. ಆದರೆ ಕ್ಯಾಥೊಲಿಕರ ಕಡೆಯ ಒಂದು ಮಾತು ಪೂರ್ತಿ ಬೈಬಲಿನದೇ: ಕೆಡಿಸಿದ್ದನ್ನು ಸರಿಪಡಿಸದೆ ಬರೀ ಮನಸ್ಸು ಬದಲಾಯಿತು ಅಂದರೆ ಸಾಲದು. ಸುಂಕದವನಾದ ಜಕ್ಕಾಯನ ಕಥೆಯಲ್ಲಿ (ಲೂಕ 19) ಒಂದು ಹನಿ ಕಣ್ಣೀರಿನ ಮಾತಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದರೆ 4ರಷ್ಟು ವಾಪಸ್. ಇಷ್ಟೇ ಇದೆ, ಅದೂ ಲೆಕ್ಕದ ಭಾಷೆಯಲ್ಲಿ.

ನಡುವೆ ಒಂದು ಚಿಕ್ಕ ಮಾತು. ಮಾನಸಾಂತರ ಅಂದಕೂಡಲೇ ಕೆಲವರ ಕಿವಿಗೆ ಮತಾಂತರ ಎಂದು ಕೇಳುತ್ತದೆ. ಪ್ರಾಸ ಬಿಟ್ಟರೆ ಎರಡಕ್ಕೂ ಹೆಚ್ಚು ನಂಟಿಲ್ಲ. ಪ್ರವಾದಿಗಳು ತಿರುಗಿ ಬನ್ನಿ ಎಂದು ಮೊದಲು ಕೂಗಿದ್ದು ತಮ್ಮದೇ ಜನಕ್ಕೆ. ಪ್ರಕಟನೆ ಪುಸ್ತಕದ 2 ಮತ್ತು 3ನೆಯ ಅಧ್ಯಾಯಗಳಲ್ಲಿ 7 ಸಭೆಗಳಿಗೆ ಪತ್ರಗಳಿವೆ. ಅವುಗಳಲ್ಲಿ 5 ಸಭೆಗಳಿಗೆ ‘ತಿರುಗಿಕೋ’ ಎಂಬ ಮಾತು ಬಂದಿದೆ. ಸ್ಮುರ್ನ, ಫಿಲದೆಲ್ಫಿಯ ಎರಡಕ್ಕೆ ಮಾತ್ರ ಇಲ್ಲ. ಎಲ್ಲರೂ ಆಗಲೇ ಕ್ರೈಸ್ತರು! ಪಕ್ಕದ ಮನೆಯವರಿಗಿಂತ ಮೊದಲು ಒಳಗಿನವರಿಗೇ ಹೇಳಿದ ಪದ ಇದು.

ಈಗ ಆಂಟಿಯ ಪ್ರಶ್ನೆಗೆ ಬರೋಣ. ಯೋಹಾನನ 3ನೆಯ ಅಧ್ಯಾಯದಲ್ಲಿ ನಿಕೊದೇಮ ಎಂಬ ದೊಡ್ಡ ಪಂಡಿತ ರಾತ್ರಿ ಹೊತ್ತು ಯೇಸುವಿನ ಹತ್ತಿರ ಬರುತ್ತಾನೆ. ಒಬ್ಬನು ‘ಅನೋಥೆನ್’ ಹುಟ್ಟದೆ ದೇವರ ರಾಜ್ಯ ಕಾಣಲಾರ ಅನ್ನುತ್ತಾನೆ ಯೇಸು. ಗ್ರೀಕಿನಲ್ಲಿ ಅನೋಥೆನ್ ಎಂಬುದಕ್ಕೆ ಎರಡು ಅರ್ಥ: ‘ಮತ್ತೆ, ಹೊಸದಾಗಿ’ ಎಂಬುದು ಒಂದು, ‘ಮೇಲಿನಿಂದ’ ಎಂಬುದು ಇನ್ನೊಂದು. ದೇವಾಲಯದ ಪರದೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು ಎಂದು ಮಾರ್ಕನು ಬರೆಯುವಾಗ ಬಳಸುವುದೂ ಇದೇ ಪದ. ನಿಕೊದೇಮ ಮೊದಲ ಅರ್ಥವನ್ನೇ ಹಿಡಿದು ‘ಮುದುಕ ಮತ್ತೆ ತಾಯಿಯ ಹೊಟ್ಟೆಗೆ ಹೋಗೋಕಾಗುತ್ತಾ?’ ಎಂದು ಕೇಳುತ್ತಾನೆ. ಯೇಸುವಿನ ಒತ್ತು ಎರಡನೆಯದರ ಮೇಲೆ. ಆತ್ಮದಿಂದ ಹುಟ್ಟಬೇಕು, ಮೇಲಿನಿಂದ. ಎರಡೂ ಅರ್ಥವನ್ನು ಒಟ್ಟಿಗೆ ಹೊರುವ ಪದ ಕನ್ನಡದಲ್ಲಿ ಇಲ್ಲ. ‘ಹೊಸದಾಗಿ’ ಅಂದರೆ ಮೇಲು ಹೋಯಿತು, ‘ಮೇಲಿನಿಂದ’ ಅಂದರೆ ನಿಕೊದೇಮನ ಪೆಚ್ಚು ಮುಖ ಹೋಯಿತು.

ಪುನರ್ಜನ್ಮ ಅಂದುಬಿಡಬಹುದಿತ್ತು, ಎಲ್ಲರಿಗೂ ಗೊತ್ತಿರುವ ಪದ. ಆದರೆ ಆ ಪದ ನಮ್ಮ ನೆಲದಲ್ಲಿ ಸತ್ತ ಮೇಲೆ ಇನ್ನೊಂದು ದೇಹದಲ್ಲಿ ಹುಟ್ಟುವುದಕ್ಕೆ ಮೀಸಲಾಗಿದೆ. ಇಲ್ಲಿನ ಹುಟ್ಟು ಬದುಕಿದ್ದಾಗಲೇ, ಇದೇ ಮೈಯಲ್ಲಿ. ಅಪಘಾತದಿಂದ ಪಾರಾಗಿ ಬಂದವರು ‘ಪುನರ್ಜನ್ಮ ಸಿಕ್ಕ ಹಾಗಾಯ್ತು’ ಅನ್ನುತ್ತಾರಲ್ಲ, ಆ ಬಳಕೆ ಪರವಾಗಿಲ್ಲ, ಹತ್ತಿರ ಬರುತ್ತದೆ.

‘ಹುಟ್ಟಿದ್ದೀಯಾ’ ಎಂಬ ಪ್ರಶ್ನೆಯ ಹಿಂದೆ ಹಳೆಯ ಜಗಳ ಒಂದಿದೆ. ಕ್ಯಾಥೊಲಿಕರು, ಆರ್ಥೊಡಾಕ್ಸ್ ಸಭೆಗಳು, ಲೂಥರನ್ನರು ಈ ಹುಟ್ಟನ್ನು ದೀಕ್ಷಾಸ್ನಾನದ ಜೊತೆ ಕಟ್ಟುತ್ತಾರೆ. ಯೇಸು ಅಲ್ಲಿ ನೀರು ಮತ್ತು ಆತ್ಮ ಎರಡನ್ನೂ ಹೇಳಿದ್ದಾನೆ ಎಂಬುದು ಅವರ ಆಧಾರ. ಪೆಂತೆಕೊಸ್ತ್ ಮತ್ತು ಬ್ಯಾಪ್ಟಿಸ್ಟ್ ಕಡೆಯವರು, ಒಬ್ಬರು ತಿಳಿದು ನಂಬಿದ ಆ ಗಳಿಗೆಗೆ ಕಟ್ಟುತ್ತಾರೆ. ಆಂಟಿ ಕೇಳಿದ್ದು ಎರಡನೆಯದು. ಅಮೆರಿಕದಲ್ಲಂತೂ 1976ರ ಚುನಾವಣೆಯ ಹೊತ್ತಿಗೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಿಮ್ಮಿ ಕಾರ್ಟರ್ ತಾನು ಹೊಸದಾಗಿ ಹುಟ್ಟಿದ ಕ್ರೈಸ್ತ ಎಂದು ಬಹಿರಂಗವಾಗಿ ಹೇಳಿದ ಮೇಲೆ ಅದು ಪತ್ರಿಕೆಗಳ ಪದವಾಯಿತು, ಒಂದು ಗುಂಪಿನ ಗುರುತಿನ ಚೀಟಿಯಾಯಿತು. ನಿಕೊದೇಮನಿಗೆ ಹೇಳಿದ್ದರಲ್ಲಿ ಚೀಟಿಯ ಸುಳಿವಿಲ್ಲ. ಗಾಳಿ ತನಗೆ ಬೇಕಾದ ಕಡೆ ಬೀಸುತ್ತದೆ, ಸದ್ದು ಕೇಳುತ್ತದೆ, ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಗೊತ್ತಾಗುವುದಿಲ್ಲ, ಆತ್ಮದಿಂದ ಹುಟ್ಟಿದವರೂ ಹಾಗೇ ಎಂದಿದೆ. ಅಂದಮೇಲೆ ತಾರೀಖು ಹೇಳಲು ಬರದಿದ್ದರೆ ನಾಚಿಕೆ ಪಡುವಂಥದ್ದೇನೂ ಇಲ್ಲ. ನಾವು ಮೊದಲ ಸಲ ಹುಟ್ಟಿದ್ದೂ ನಮಗೆ ನೆನಪಿಲ್ಲ, ಅವ್ವ ಹೇಳಿದ್ದಷ್ಟೇ.

ಹಾಗಂತ ಆಂಟಿಯ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಪಂಡಿತಾ ರಮಾಬಾಯಿಯವರ ಹೆಸರು ಕೇಳಿರುತ್ತೀರಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ಸಂಸ್ಕೃತ ಪಂಡಿತೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅದಾಗಿ ಸುಮಾರು 8 ವರ್ಷದ ಮೇಲೆ, ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಅನಿಸಿತು ಎಂದು ಅವರೇ ಬರೆದುಕೊಂಡಿದ್ದಾರೆ. ಅಷ್ಟು ಓದಿದವರಿಗೆ, ಅಷ್ಟು ತ್ಯಾಗ ಮಾಡಿದವರಿಗೆ ಹೀಗೆ ಅನಿಸಿತ್ತು. ದೀಕ್ಷಾಸ್ನಾನ ಸುಳ್ಳಾಗಿತ್ತು ಅಂತ ಅಲ್ಲ. ಕೊಟ್ಟದ್ದು ಕೈಗೆ ಸೇರಲು ಕೆಲವರಿಗೆ ಸಮಯ ಹಿಡಿಯುತ್ತದೆ.

ಇದೇ ರಮಾಬಾಯಿಯವರ ಮುಕ್ತಿ ಮಿಷನ್, ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ, 1905ರಲ್ಲಿ ಭಾರತದ ಹೆಸರಾಂತ ಉಜ್ಜೀವನಗಳಲ್ಲಿ ಒಂದನ್ನು ಕಂಡಿತು. ಅಲ್ಲಿ ಆಶ್ರಯ ಪಡೆದಿದ್ದ ಹೆಣ್ಣುಮಕ್ಕಳ ಪ್ರಾರ್ಥನಾ ಗುಂಪಿನಿಂದ ಶುರುವಾಯಿತು. ಆಗ ಬ್ರಿಟನ್ನಿನ ವೇಲ್ಸ್‌ನಲ್ಲಿ 1904ರಿಂದ ದೊಡ್ಡ ಉಜ್ಜೀವನ ನಡೆದಿತ್ತು. ಅದರ ಅಲೆ ವೆಲ್ಶ್ ಮಿಷನರಿಗಳ ಮೂಲಕ ಈಗಿನ ಮೇಘಾಲಯದ ಖಾಸಿ ಗುಡ್ಡಗಳಿಗೂ ಬಂದಿತ್ತು. ವೆಲ್ಶ್ ಭಾಷೆಯಲ್ಲಿ ಉಜ್ಜೀವನಕ್ಕೆ ‘ದಿವಿಗಿಯಾದ್’ ಅನ್ನುತ್ತಾರೆ, ಅದಕ್ಕೆ ಸುಧಾರಣೆ ಎಂಬ ಅರ್ಥವೂ ಇದೆ. ಜರ್ಮನ್ನರದು ‘ಎರ್‌ವೆಕುಂಗ್’, ನಿದ್ದೆಯಿಂದ ಎಬ್ಬಿಸುವುದು. 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ನಿಮ್ಮ ಹುಬ್ಬಳ್ಳಿ, ಧಾರವಾಡ, ಬೆಟಗೇರಿ ಕಡೆ ಸಭೆ ಕಟ್ಟಿದ ಬಾಸೆಲ್ ಮಿಷನ್‌ನವರು ಆ ಜರ್ಮನ್ ಎಚ್ಚರದ ಚಳವಳಿಯಿಂದಲೇ ಬಂದವರು. ನಿಮ್ಮ ಸಭೆಯವರು ಉಜ್ಜೀವನ ನಮ್ಮದಲ್ಲ, ಪಕ್ಕದವರದು ಅಂದರೆ ಇದನ್ನು ನೆನಪಿಸಿ. ಪೂರ್ವ ಆಫ್ರಿಕಾದಲ್ಲಿ 1930ರ ದಶಕದಲ್ಲಿ ಹಬ್ಬಿದ ಉಜ್ಜೀವನದ ಜನರಿಗೆ ‘ಬಲೊಕೊಲೆ’ ಎಂದು ಹೆಸರಾಯಿತು, ರಕ್ಷಣೆ ಹೊಂದಿದವರು ಅಂತ. ಪಕ್ಕದ ತಮಿಳಿನಲ್ಲಿ ‘ಎಳುಪ್ಪುದಲ್’, ಎಬ್ಬಿಸುವುದು. ಮಲಯಾಳದಲ್ಲಿ ‘ಉಣರ್ವ್’, ಎಚ್ಚರ. ತೆಲುಗಿನವರೂ ನಾವೂ ಉಜ್ಜೀವ, ಉಜ್ಜೀವನ ಅನ್ನುತ್ತೇವೆ. ಮತ್ತೆ ಜೀವ ಬರುವುದು, ಮೇಲೆತ್ತಿ ಬದುಕಿಸುವುದು. (ಬೆಂಗಳೂರಿನಲ್ಲಿ ಇದೇ ಪದದ ಹೆಸರಿನ ಬ್ಯಾಂಕೂ ಇದೆ. ಬೋರ್ಡ್ ನೋಡಿದಾಗಲೆಲ್ಲ ನನಗೆ ಕೂಟ ನೆನಪಾಗುತ್ತದೆ, ಏನು ಮಾಡಲಿ.)

ಒಬ್ಬೊಬ್ಬರು ಒಂದೊಂದು ಚಿತ್ರ ಹಿಡಿದಿದ್ದಾರೆ: ಮಲಗಿದ್ದವರನ್ನು ಎಬ್ಬಿಸುವುದು, ಕೆಟ್ಟದ್ದನ್ನು ಸುಧಾರಿಸುವುದು, ಸತ್ತದ್ದನ್ನು ಬದುಕಿಸುವುದು. ಹೀಬ್ರೂ ಮೂಲಕ್ಕೆ ನಮ್ಮ ಉಜ್ಜೀವನ ಬಹಳ ಹತ್ತಿರ. ಅಲ್ಲಿನ ಪದ ‘ಖಾಯಾ’, ಬದುಕು. ಯೋಸೇಫ ಸತ್ತೇಹೋದ ಎಂದು ವರ್ಷಗಟ್ಟಲೆ ಕೊರಗಿದ ಮುದುಕ ಯಾಕೋಬ, ಮಗ ಕಳಿಸಿದ ಬಂಡಿಗಳನ್ನು ಕಣ್ಣಾರೆ ಕಂಡಾಗ ‘ಅವನ ಆತ್ಮ ಖಾಯಾ ಆಯಿತು’ ಎಂದಿದೆ (ಆದಿಕಾಂಡ 45). ನಾವು ಏನನ್ನುತ್ತೇವೆ? ‘ಹೋದ ಜೀವ ಬಂದ ಹಾಗಾಯ್ತು.’ ಅಕ್ಷರಶಃ ಅದೇ. ಬಾಯಾರಿ ಸಾಯುವ ಹಾಗಾಗಿದ್ದ ಸಂಸೋನ ನೀರು ಕುಡಿದಾಗಲೂ ಇದೇ ಪದ. ಅದನ್ನು ತಿಳಿಯಲು ಯಾವ ಪಂಡಿತನೂ ಬೇಡ.

ಇಲ್ಲಿ ನನಗೆ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಪದದ ಅರ್ಥಕ್ಕಿಂತ, ವಾಕ್ಯದಲ್ಲಿ ಆ ಕೆಲಸ ಮಾಡುವವರು ಯಾರು ಎಂದು ನೋಡಿ. ತಿರುಗಿಕೊಳ್ಳಿ ಎಂಬುದು ಆಜ್ಞೆ. ನಮಗೆ ಹೇಳಿದ್ದು, ನಾವು ಮಾಡಬೇಕಾದ್ದು. ಹುಟ್ಟುವುದು ಹಾಗಲ್ಲ. ಯಾವ ಕೂಸೂ ತನ್ನನ್ನು ತಾನೇ ಹೆತ್ತುಕೊಂಡಿಲ್ಲ. ಉಜ್ಜೀವನವೂ ಹಾಗೇ. ಕೀರ್ತನೆ 85ರಲ್ಲಿ ಅದು ಬೇಡಿಕೆ: ನೀನು ನಮ್ಮನ್ನು ಮತ್ತೆ ಬದುಕಿಸುವುದಿಲ್ಲವೇ ಅಂತ. ಪ್ರವಾದಿ ಹಬಕ್ಕೂಕನಲ್ಲೂ ಬೇಡಿಕೆಯೇ. ಪ್ರವಾದಿ ಯೆಹೆಜ್ಕೇಲ ದರ್ಶನದಲ್ಲಿ ಕಂಡ ಒಣ ಎಲುಬಿನ ಕಣಿವೆಯಲ್ಲಿ ಎಲುಬುಗಳು ಏನನ್ನೂ ಮಾಡುವುದಿಲ್ಲ. ‘ರೂಆಖ್’ ಬರುತ್ತದೆ, ಅವು ಎದ್ದು ನಿಲ್ಲುತ್ತವೆ. ರೂಆಖ್ ಅಂದರೆ ಗಾಳಿ, ಉಸಿರು, ಆತ್ಮ ಮೂರೂ. ಕನ್ನಡದಲ್ಲಿ ‘ಗಾಳಿ’ ಅಂದರೆ ದೆವ್ವ ಮೆಟ್ಟಿಕೊಂಡಿದೆ ಎಂಬ ಅರ್ಥವೂ ಉಂಟಲ್ಲ, ಅದಕ್ಕೇ ಇರಬೇಕು, ಅನುವಾದದವರು ಆತ್ಮ ಎಂಬ ಪದದ ಹತ್ತಿರವೇ ಉಳಿದದ್ದು.

ಈ ವ್ಯತ್ಯಾಸದ ಮೇಲೆ ಅಮೆರಿಕದಲ್ಲಿ ಎರಡು ದಾರಿಗಳೇ ಆದವು. 1734–35ರಲ್ಲಿ ನಾರ್ತಾಂಪ್ಟನ್ ಎಂಬ ಊರಿನಲ್ಲಿ ಉಜ್ಜೀವನ ಕಂಡ ಅಲ್ಲಿನ ಬೋಧಕ ಜೊನಾಥನ್ ಎಡ್ವರ್ಡ್ಸ್ 1737ರಲ್ಲಿ ಅದರ ವರದಿ ಬರೆದ. ದೇವರ ಅಚ್ಚರಿಯ ಕೆಲಸ ಎಂಬ ಮಾತು ಅದರ ಹೆಸರಿನಲ್ಲೇ ಇದೆ. ಅಚ್ಚರಿ, ಅಂದರೆ ಹೇಳಿ ಕೇಳಿ ಬಂದದ್ದಲ್ಲ. ಸುಮಾರು 100 ವರ್ಷದ ಮೇಲೆ, ವಕೀಲನಾಗಿದ್ದು ಬೋಧಕನಾದ ಚಾರ್ಲ್ಸ್ ಫಿನ್ನಿ 1835ರ ಉಪನ್ಯಾಸಗಳಲ್ಲಿ, ಉಜ್ಜೀವನ ಪವಾಡ ಅಲ್ಲ, ಸರಿಯಾದ ಕ್ರಮ ಬಳಸಿದರೆ ಬೆಳೆ ಬರುವ ಹಾಗೆ ಬರುತ್ತದೆ ಎಂದು ವಾದಿಸಿದ. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಉಜ್ಜೀವನ ಅಂದರೆ ತಾರೀಖು ಹಾಕಿ ಕರೆಯುವ ಕೂಟ ಎಂಬ ಬಳಕೆ ಬೇರೂರಿತು. ನಮ್ಮ ಫ್ಲೆಕ್ಸ್ ಬೋರ್ಡ್‌ಗಳ ‘3 ದಿನದ ಉಜ್ಜೀವನ ಕೂಟ’ ಆ ಸಾಲಿನದು. ಕೂಟ ತಪ್ಪಲ್ಲ. ಆದರೆ ಕೂಟವೇ ಉಜ್ಜೀವನ ಅಲ್ಲ, ಶಾಮಿಯಾನ ಹಾಕಿದ ಕೂಡಲೇ ಮದುವೆ ಆಗಲಿಲ್ಲವಲ್ಲ. 2023ರ ಫೆಬ್ರವರಿಯಲ್ಲಿ ಕೆಂಟಕಿಯ ಆಸ್ಬರಿ ವಿಶ್ವವಿದ್ಯಾಲಯದಲ್ಲಿ ಬುಧವಾರದ ಮಾಮೂಲಿ ಆರಾಧನೆ ಮುಗಿದ ಮೇಲೆ ವಿದ್ಯಾರ್ಥಿಗಳು ಎದ್ದು ಹೋಗಲೇ ಇಲ್ಲ. ಸುಮಾರು 2 ವಾರ ಪ್ರಾರ್ಥನೆ ನಡೆಯಿತು, ಹತ್ತಾರು ಸಾವಿರ ಜನ ಬಂದರು. ಲೋಕವೆಲ್ಲ ಅದನ್ನು ಉಜ್ಜೀವನ ಎಂದು ಕರೆಯಿತು. ವಿಶ್ವವಿದ್ಯಾಲಯದವರು ಮಾತ್ರ ‘ಸುರಿಯುವಿಕೆ’ ಎಂಬ ಅರ್ಥದ ಪದವನ್ನೇ ಬಳಸಿದರು. ಆತ್ಮವನ್ನು ಸುರಿಸುತ್ತೇನೆ ಎಂಬ ಪ್ರವಾದಿ ಯೋವೇಲನ ಮಾತಿನ ನೆನಪು ಅದರಲ್ಲಿದೆ. ಸುರಿಯುವುದು ಮೇಲಿನವನ ಕೆಲಸ, ಉಜ್ಜೀವನ ಆಯಿತೋ ಇಲ್ಲವೋ ಮುಂದೆ ಗೊತ್ತಾಗುತ್ತದೆ. ಆ ತಾಳ್ಮೆ ನನಗೆ ಹಿಡಿಸಿತು.

ಇಷ್ಟು ಹೇಳಿದ ಮೇಲೆ ನನ್ನ ಚೊಕ್ಕ ಗೆರೆಯನ್ನು ನಾನೇ ಸ್ವಲ್ಪ ಅಳಿಸಬೇಕು. ಬೈಬಲ್ ಅಷ್ಟು ಚೊಕ್ಕವಾಗಿಲ್ಲ. ಯೆಹೆಜ್ಕೇಲನ 18ನೆಯ ಅಧ್ಯಾಯದಲ್ಲಿ ದೇವರು ‘ಹೊಸ ಹೃದಯ ಮಾಡಿಕೊಳ್ಳಿ’ ಅನ್ನುತ್ತಾನೆ. 36ರಲ್ಲಿ ‘ಹೊಸ ಹೃದಯ ನಾನೇ ಕೊಡುತ್ತೇನೆ’ ಅನ್ನುತ್ತಾನೆ. ಪ್ರಲಾಪಗಳ ಕೊನೆಯಲ್ಲಿ ‘ನಮ್ಮನ್ನು ತಿರುಗಿಸು, ಆಗ ತಿರುಗುತ್ತೇವೆ’ ಎಂದಿದೆ. ಕೀರ್ತನೆ 85ರ ಆ ಸಾಲನ್ನೇ ಹೀಬ್ರೂವಿನಲ್ಲಿ ನೋಡಿದರೆ ಶೂವ್, ಖಾಯಾ ಎರಡೂ ಪಕ್ಕಪಕ್ಕದಲ್ಲಿವೆ, ಎರಡನ್ನೂ ಮಾಡುವವನು ದೇವರು. ನೀನು ತಿರುಗಿ ಬಂದು ನಮ್ಮನ್ನು ಬದುಕಿಸುವುದಿಲ್ಲವೇ? ಅತ್ತ ಪ್ರವಾದಿ ಹೋಶೇಯ ‘ಬೀಳುಬಿಟ್ಟ ಹೊಲ ಉಳಿರಿ’ ಅನ್ನುತ್ತಾನೆ, ದೇವರು ಬಂದು ಮಳೆ ಸುರಿಸುವ ತನಕ. ನಿಮ್ಮ ಕಡೆಯ ರೈತರಿಗೆ ಇದು ಗೊತ್ತಿರುವ ಸಂಗತಿ. ಮಳೆ ಅವರ ಕೈಲಿಲ್ಲ, ರೆಂಟೆ ಅವರ ಕೈಲಿದೆ. ಫಿನ್ನಿಯ ತಪ್ಪು ರೆಂಟೆ ಹೊಡೆಯಿರಿ ಅಂದದ್ದಲ್ಲ, ಮಳೆಯ ತಾರೀಖನ್ನೂ ಹೇಳಿದ್ದು.

ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ ಇನ್ನೊಂದು ಪದ ಬಳಸುತ್ತಾನೆ, ‘ಅನಜೋಪುರೇಓ’. ಬೆಂಕಿಗೆ ಮತ್ತೆ ಜೀವ ಬರಿಸುವುದು. ನಮ್ಮ ಅಜ್ಜಿಯಂದಿರು ಬೆಳಿಗ್ಗೆ ಒಲೆಯ ಬೂದಿ ಸರಿಸಿ, ಒಳಗಿನ ಕೆಂಡಕ್ಕೆ ಊದುಗೊಳವೆ ಹಿಡಿಯುತ್ತಿದ್ದರಲ್ಲ, ಅದು. ಕೆಂಡ ದೇವರು ಕೊಟ್ಟದ್ದು, ಊದುವುದು ತಿಮೊಥೆಯನ ಕೆಲಸ. ದೀಕ್ಷಾಸ್ನಾನವಾಗಿ ಬೆಳೆದ ನಿಮ್ಮಂಥವರಿಗೆ ಹೊಸ ಹುಟ್ಟಿಗಿಂತ ಈ ಮಾತೇ ಹತ್ತಿರ ಬರಬಹುದು.

ನವೀಕರಣದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಲೈಸೆನ್ಸ್, ಬಸ್ ಪಾಸ್ ನವೀಕರಣ ಕೇಳಿ ಕೇಳಿ ಆ ಪದ ಕಚೇರಿಯ ವಾಸನೆ ಹೊಡೆಯುತ್ತದೆ. 1967ರಲ್ಲಿ ಪಿಟ್ಸ್‌ಬರ್ಗ್‌ನ ಡ್ಯುಕೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಶುರುವಾದ ಕ್ಯಾಥೊಲಿಕ್ ಚಳವಳಿ ಇದೇ ಹೆಸರು ಹೊತ್ತಿದೆ, ಹಾಗಾಗಿ ಅವರಲ್ಲಿ ಇದರ ಬಳಕೆ ಜಾಸ್ತಿ. ಪೌಲನ ಬರಹದಲ್ಲಿ ಇದು ದಿನದಿನದ ಕೆಲಸ. ಹೊರಗಿನ ಮೈ ಸವೆಯುತ್ತಿದ್ದರೂ ಒಳಗಿನದು ದಿನೇ ದಿನೇ ಹೊಸದಾಗುತ್ತದೆ ಅನ್ನುತ್ತಾನೆ. 3 ದಿನದ್ದಲ್ಲ.

ಮುಂದಿನ ಸಲ ಆಂಟಿ ಸಿಕ್ಕು ಅದೇ ಪ್ರಶ್ನೆ ಕೇಳಿದರೆ, ‘ದೀಕ್ಷಾಸ್ನಾನ ಆಗಿದೆ ಆಂಟಿ, ನಂಬುತ್ತೇನೆ, ತಾರೀಖು ಗೊತ್ತಿಲ್ಲ’ ಅನ್ನಿ. ಅದು ಪ್ರಾಮಾಣಿಕ ಉತ್ತರ. ಅವರಿಗೆ ಸಾಕಾಗದಿದ್ದರೆ ಅದು ಅವರಿಗೆ ಬಿಟ್ಟದ್ದು.

ಇನ್ನು ಅಕ್ಕನ ವಿಷಯ. ನಿಮ್ಮ ಪಶ್ಚಾತ್ತಾಪದಲ್ಲಿ ತಾಪಕ್ಕೇನೂ ಕೊರತೆ ಇಲ್ಲ. 4 ವರ್ಷ ಸುಟ್ಟಿದೆ. ಆದರೆ ನೀವು ಅತ್ತದ್ದೆಲ್ಲ ಕೂಟದವರ ನಡುವೆ, ವೇದಿಕೆಯ ಮುಂದೆ, ಈಗ ಹೇಳಿದ್ದು ನನ್ನ ಮುಂದೆ. ನಾವ್ಯಾರೂ ಅಕ್ಕ ಅಲ್ಲ. ಕಾಣಿಕೆ ಕೊಡಲು ಯಜ್ಞವೇದಿಯ ಹತ್ತಿರ ನಿಂತಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು ಎಂದು ಮತ್ತಾಯನ 5ನೆಯ ಅಧ್ಯಾಯದಲ್ಲಿದೆ. ಆರಾಧನೆಯ ನಡುವೆಯೇ ಎದ್ದು ಹೋಗು ಅನ್ನುವ ಮಾತು ಅದು. ಅಕ್ಕ ಬಾಗಿಲು ತೆಗೆಯುತ್ತಾರೆ ಎಂದು ನಾನು ಮಾತು ಕೊಡಲಾರೆ, ಅದು ಅವರ ಪಾಲಿನ ತಿರುಗುವಿಕೆ. ಫೋನ್ ಮಾಡಿದರೆ ಎತ್ತದೇ ಇರಬಹುದು, ಸುಮ್ನೆ ಹೋಗಿಬಿಡುವುದೇ ವಾಸಿ ಅನಿಸುತ್ತದೆ. ಹುಬ್ಬಳ್ಳಿಯಿಂದ ಗದಗಕ್ಕೆ ಬೆಳಗಿನಿಂದ ಬಸ್ಸಿದೆ. ಬಂಗಾರ ಇನ್ನೂ ನಿಮ್ಮ ಹತ್ತಿರವೇ ಇದ್ದರೆ, ತೆಗೆದುಕೊಂಡೇ ಹೋಗಿ.